ನಡುಹೊಳೆಯ ಕೈಸಾಲು

…ಇಲ್ಲ, ಹೀಗಲ್ಲ, ಮತ್ತೆ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಗಲೇ ಸುಮಾರು ಮಾತಾಡಿದ್ದೆ. ಅಷ್ಟರಲ್ಲಿ ಗಾಳಿ ಬಂದು ಹರಗೋಲು ಬುಗುರಿಯ ಹಾಗೆ ಒಂದು ಸುತ್ತು ತಿರುಗಿತು. ಹುಟ್ಟು ಹಿಡಿಯುವ ಗಡಿಬಿಡಿಯಲ್ಲಿ ಬೆರಳು ಎಲ್ಲಿಗೋ ತಾಗಿ ಹೇಳಿದ್ದೆಲ್ಲ ಅಳಿಸಿಹೋಯಿತು. ಅದಕ್ಕೂ ಮುಂಚೆ ಒಮ್ಮೆ ಶುರು ಮಾಡಿದ್ದೆ, ಅದರಲ್ಲಿ ನನ್ನ ದನಿ ನಡುಗುತ್ತಿತ್ತು, ನಾನೇ ಅಳಿಸಿದೆ. ಈಗ ನಡುಗುತ್ತಿಲ್ಲ ಅಂತಲ್ಲ. ಆದರೆ ಸುಮ್ಮನೆ ಕೂತರೆ ಕೈ ತಾನಾಗಿ ಹುಟ್ಟಿನ ಕಡೆ ಹೋಗುತ್ತದೆ. ಹೋಗಬಾರದು. ಅದಕ್ಕೇ ಮಾತು.

ಇವತ್ತು ಮೂರನೇ ಶ್ರಾವಣದ ಸೋಮವಾರ. ನಿಮಗೆ ಇದು ತಮಾಷೆಯಾಗಿ ಕಾಣಬಹುದು. ನಿಮ್ಮ ಕಾಲದಲ್ಲಿ ಶ್ರಾವಣ ಒಂದೇ, ಎಂದಾದರೂ ಅಧಿಕ ಬಂದರೆ ಎರಡು ಅಂತ ಕೇಳಿದ್ದೇನೆ. ನಮ್ಮಲ್ಲಿ ಮಳೆ ಬಿಡುವವರೆಗೂ ಶ್ರಾವಣವೇ. ನಿಮ್ಮ ಮೊಮ್ಮಕ್ಕಳ ಮರಿಮಕ್ಕಳನ್ನು ದಾಟಿ ಇನ್ನೂ ಎರಡು ತಲೆ ಮುಂದೆ ಬನ್ನಿ, ಅಲ್ಲಿದ್ದೇನೆ ನಾನು. ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ. ನಿಮಗೆ ತಿಳಿಯಲಿ ಅಂತ ಹಳೆಯ ಪುಸ್ತಕಗಳ ಕನ್ನಡ ಆಡುತ್ತಿದ್ದೇನೆ. ಅಜ್ಜನ ಅಂಗಿ ತೊಟ್ಟ ಹಾಗಿದೆ, ತೋಳು ಉದ್ದ, ಹೆಗಲು ಬಿಗಿ. ನಡುವೆ ನಮ್ಮ ಹೊಳೆಸಾಲಿನ ಮಾತು ನುಸುಳಿದರೆ ಸಹಿಸಿಕೊಳ್ಳಿ. ಹೆಸರು ಮೌನೇಶ. ವಯಸ್ಸು ಐವತ್ತು. ಹೆಸರಿಟ್ಟವರಿಗೆ ಮುಂದಾಗುವುದು ತಿಳಿದಿರಲಿಲ್ಲ, ನಾನು ಬಾಯಿ ಮುಚ್ಚಿದ್ದನ್ನು ನಮ್ಮ ಕಡೆ ಕಂಡವರಿಲ್ಲ.

ನಾನೀಗ ಇರುವುದು ಕೃಷ್ಣಾ ಹೊಳೆಯ ನಡುವೆ, ಲಂಗರು ಕಲ್ಲು ಇಳಿಬಿಟ್ಟ ಒಂದು ಹರಗೋಲಿನಲ್ಲಿ. ನೀವು ಕಂಡ ಕೃಷ್ಣೆ ಅಲ್ಲ ಇದು. ಈ ದಂಡೆಯಿಂದ ಆ ದಂಡೆಗೆ ಕಣ್ಣು ಹರಿಯುವುದಿಲ್ಲ. ನಿಮ್ಮ ಕಾಲದ ಊರುಗಳ ಎತ್ತರದ ಜಾಗಗಳೆಲ್ಲ ಈಗ ಗಡ್ಡೆಗಳು, ಅಂದರೆ ಸುತ್ತ ನೀರಿರುವ ದಿಬ್ಬಗಳು. ನಾವು ಇರುವುದು ಅವುಗಳ ಮೇಲೆ. ಜೋಳ ಬೆಳೆಯುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ, ರೊಟ್ಟಿ ಹಬ್ಬಕ್ಕೊಮ್ಮೆ. ದಿನದ ಊಟ ಮೀನು, ಕೆಸವಿನ ಗೆಡ್ಡೆ. ಆದರೆ ಇವತ್ತು ನನ್ನ ಹೆಂಡತಿ ಸಂಜೀವಮ್ಮ ಬುತ್ತಿಗೆ ರೊಟ್ಟಿ ಕಟ್ಟಿದ್ದಾಳೆ. ಕಟ್ಟುವಾಗ ಮುಖ ನೋಡಲಿಲ್ಲ. ಆ ಗಂಟು ನನ್ನ ಕಾಲ ಬುಡದಲ್ಲಿದೆ, ಬಿಚ್ಚಿಲ್ಲ. ನನ್ನ ಎಡಕ್ಕೆ, ಮಳೆಯ ಪರದೆಯ ಆಚೆ ಮಸುಕಾಗಿ ಕಾಣುವುದು ಹಂಚಿನಗಡ್ಡೆ. ಅಲ್ಲಿ ನನ್ನ ಮಗಳು ಹುಲಿಗೆಮ್ಮ ಹೆರಿಗೆ ನೋವಿನಲ್ಲಿದ್ದಾಳೆ. ಕೂಸು ಕಾಲು ಮುಂದೆ ಮಾಡಿದೆ. ಬಲಕ್ಕೆ, ಬಹಳ ದೂರದಲ್ಲಿ, ಗುಡ್ಡದ ಆಸ್ಪತ್ರೆ. ಅಲ್ಲಿ ಡಾಕ್ಟರ್ ಸುವರ್ಣಾ ಪತ್ತಾರ ಪರದೆಯ ಮುಂದೆ ಕೂತಿದ್ದಾರೆ. ಈ ಸೆಳವಿನಲ್ಲಿ ಬಸುರಿಯನ್ನು ದಾಟಿಸುವ ಹಾಗಿಲ್ಲ, ಡಾಕ್ಟರೂ ಬರುವ ಹಾಗಿಲ್ಲ. ಕೈ ಆಡಿಸುವವಳು ಗಡ್ಡೆಯ ಸೂಲಗಿತ್ತಿ ಖಾಸಿಂಬಿ. ಕಣ್ಣು ಗುಡ್ಡದ ಮೇಲಿನ ಡಾಕ್ಟರದ್ದು. ಆ ಕಣ್ಣಿಗೂ ಈ ಕೈಗೂ ನಡುವೆ ನಾವಿದ್ದೇವೆ, ಸಾಲಾಗಿ, ನೀರಿನ ಮೇಲೆ.

ಇದಕ್ಕೆ ನಾವು ಕೈಸಾಲು ಅನ್ನುತ್ತೇವೆ. ಮನೆ ಕಟ್ಟುವಾಗ ಜನ ಸಾಲಾಗಿ ನಿಂತು ಕಲ್ಲು, ಮಣ್ಣಿನ ಪುಟ್ಟಿ ಕೈಯಿಂದ ಕೈಗೆ ದಾಟಿಸುವುದನ್ನು ನೀವೂ ಕಂಡಿರುತ್ತೀರಿ. ಹಾಗೆಯೇ ಒಂದು ಫೋನು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಚಿತ್ರ ದಾಟಿಸುತ್ತದೆ. ನಿಮ್ಮ ಕಾಲದಲ್ಲಿ ಪ್ರತಿ ಫೋನೂ ದೂರದ ಗೋಪುರದ ಜೊತೆ ಮಾತ್ರ ಮಾತಾಡುತ್ತಿತ್ತಂತೆ. ಬಸ್ಸಿನಲ್ಲಿ ಒಂದೇ ಸೀಟಿನ ಇಬ್ಬರು ಒಬ್ಬರಿಗೊಬ್ಬರು ಮದುವೆಯ ವಿಡಿಯೋ ಕಳಿಸಿದರೆ, ಅದು ಗೋಪುರ ಹತ್ತಿ ದೇಶ ಸುತ್ತಿ ಪಕ್ಕದ ತೊಡೆಯ ಮೇಲಿನ ಫೋನಿಗೆ ಬರುತ್ತಿತ್ತಂತೆ. ಇದನ್ನು ನಮ್ಮ ಮಕ್ಕಳಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತವೆ. ಗೋಪುರಗಳು ನೀರಿಗೆ ಬಿದ್ದ ಮೇಲೆ ನಮಗೆ ಉಳಿದದ್ದು ಪಕ್ಕದವರು ಮಾತ್ರ.

ದನಿ ಹಗುರ, ಚಿತ್ರ ಭಾರ. ದನಿಯಾದರೆ ಎಂಥ ಗಾಳಿಯಲ್ಲೂ ಹೇಗೋ ದಾಟುತ್ತದೆ. ಚಿತ್ರವನ್ನು ಒಡೆದು ತುಣುಕು ತುಣುಕು ಮಾಡಿ ಕಳಿಸಬೇಕು, ಆ ಕಡೆ ಮತ್ತೆ ಹೊಂದಿಸಿಕೊಳ್ಳಬೇಕು. ಅದರಲ್ಲಿ ಎರಡು ಬಗೆ. ನೇಕಾರರ ಮಾತನ್ನೇ ಇಟ್ಟುಕೊಂಡಿದ್ದೇವೆ, ಹಾಸು ಮತ್ತು ಹೊಕ್ಕು. ಮಗ್ಗಕ್ಕೆ ಮೊದಲು ಉದ್ದುದ್ದಕ್ಕೆ ಎಳೆದ ನೂಲು ಹಾಸು, ಆಮೇಲೆ ಅಡ್ಡ ಹಾಯುವುದು ಹೊಕ್ಕು. ಚಿತ್ರದ ಹಾಸು ಬಂದರೆ ಆಕಾರ ಕಾಣುತ್ತದೆ, ಇದು ಕೈ, ಇದು ಕಾಲು ಅಂತ. ಹೊಕ್ಕು ಸೇರಿದರೆ ಬಣ್ಣ ತುಂಬುತ್ತದೆ, ಅಂಚು ಚೂಪಾಗುತ್ತದೆ. ಮಾತುಕತೆಗೆ ಹಾಸು ಸಾಕು. ಹೆರಿಗೆಗೆ ಸಾಲದು. ಕೂಸಿನ ಕಾಲು ಕೆಂಪಗಿದೆಯೋ ನೀಲಿಗಟ್ಟಿದೆಯೋ ತಿಳಿಯಬೇಕಾದರೆ ಡಾಕ್ಟರಿಗೆ ಹೊಕ್ಕು ಬೇಕೇ ಬೇಕು. ನನ್ನ ಮುಂದೆ, ಹಲಗೆಗೆ ಕಟ್ಟಿದ ಫೋನಿನಲ್ಲಿ ಎರಡು ದೀಪ ಮಿಣುಕುತ್ತಿವೆ. ಕೆಂಪು ಹಾಸಿನದು, ಹಸಿರು ಹೊಕ್ಕಿನದು. ಸದ್ಯ ಎರಡೂ ಇವೆ. ನಾನು ಮಾತಾಡುತ್ತಿರುವ ಈ ಹಳೆಯ ಫೋನು ಬೇರೆ, ಸಾಲಿಗೆ ಸೇರದ್ದು. ನಿಲುಗಾರರಿಗೆ, ಅಂದರೆ ಸಾಲಿನಲ್ಲಿ ನಿಲ್ಲುವವರಿಗೆ, ಇಂಥದ್ದೊಂದು ಇರುತ್ತದೆ. ಬಾಯಿಗೊಂದು ಕೆಲಸ ಬೇಕಲ್ಲ. ಕೆಲವರು ಸತ್ತವರ ಜೊತೆ ಮಾತಾಡುತ್ತಾರೆ. ನಾನು ನಿಮ್ಮನ್ನು ಹಿಡಿದುಕೊಂಡಿದ್ದೇನೆ.

ಇನ್ನೊಂದು ಸಂಗತಿ. ಗಾಳಿಯಲ್ಲಿ ಒಂದು ತುಣುಕು ಬಿದ್ದುಹೋಯಿತು ಅನ್ನಿ, ಮುಂದಿನವನಿಗೆ ಸಿಗಲಿಲ್ಲ. ಆದರೆ ಆಚೆ ಪಕ್ಕದ ಮೂರನೆಯವನ ಫೋನಿನ ಕಿವಿಗೆ ಅದು ಬಿದ್ದಿರುತ್ತದೆ. ತನಗೆ ಕಳಿಸಿದ್ದಲ್ಲದಿದ್ದರೂ ಅವನು ಅದನ್ನು ಇಟ್ಟುಕೊಂಡಿದ್ದು, ಬೇಕಾದವನಿಗೆ ಕೊಡುತ್ತಾನೆ. ಇದಕ್ಕೆ ಸೊಲ್ಲೆತ್ತುವುದು ಅನ್ನುತ್ತೇವೆ. ಸೋಬಾನೆ ಹಾಡುವಾಗ ಒಬ್ಬಳ ಉಸಿರು ತೀರಿದರೆ ಪಕ್ಕದವಳು ಸೊಲ್ಲು ಎತ್ತಿಕೊಳ್ಳುವುದಿಲ್ಲವೇ, ಹಾಗೆ. ಅದಕ್ಕಾಗಿ ಪ್ರತಿ ಫೋನಿನಲ್ಲೂ ಒಂದಿಷ್ಟು ಜಾಗ, ಒಂದಿಷ್ಟು ಬ್ಯಾಟರಿ ಬೇರೆಯವರಿಗೆಂದೇ ತೆಗೆದಿಟ್ಟಿರುತ್ತೇವೆ. ಅದು ಪರಪಾಲು. ಪರಪಾಲು ಮುಟ್ಟಿದವನಿಗೆ ನಮ್ಮಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ.

ಹೀಗೆ ದಾಟುವ ತುಣುಕುಗಳಿಗೆ ಬೀಗವಿರುತ್ತದೆ. ನಡುವಿನವರು ತೆರೆದು ನೋಡುವ ಹಾಗಿಲ್ಲ, ತೆರೆಯಲು ಬರುವುದೂ ಇಲ್ಲ. ಬೇರೆಯವರ ಮನೆಯ ಹೆರಿಗೆ, ನಾವೇಕೆ ನೋಡಬೇಕು, ಸರಿಯಾದದ್ದೇ. ಆದರೆ ಇವತ್ತು… ನನ್ನ ಮಗಳ ಮುಖ ನನ್ನ ಅಂಗೈಯಳತೆಯ ಈ ಪೆಟ್ಟಿಗೆಯೊಳಗಿಂದಲೇ ಹಾದುಹೋಗುತ್ತಿದೆ. ಅವಳು ಕಿರುಚುತ್ತಿರುವುದೂ ಇದರೊಳಗಿಂದಲೇ ಹೋಗುತ್ತಿದೆ. ನನಗೆ ಕಾಣುವುದು ಎರಡು ದೀಪ.

ಒಂದು ಗಳಿಗೆ ಇರಿ. ಗದ್ದೆಪ್ಪ ಮಾವನ ತುಣುಕು ದನಿ ಬಂತು. ಸಾಲು ಹರಿಯುತ್ತಿರುವಾಗ ಕರೆ ಮಾಡುವ ಹಾಗಿಲ್ಲ, ಚಿತ್ರಕ್ಕೆ ದಾರಿ ಇಕ್ಕಟ್ಟಾಗುತ್ತದೆ. ಒಂದೆರಡು ಮಾತಿನ ತುಣುಕು ಕಳಿಸಬಹುದು, ಅಷ್ಟೇ. ಮಾವ ನನ್ನ ಬಲಕ್ಕೆ, ಆಸ್ಪತ್ರೆಯ ಕಡೆಯ ಹರಗೋಲಿನಲ್ಲಿದ್ದಾನೆ, ಮುದುಕ, ಹಲ್ಲಿಲ್ಲ, ನಾಲಿಗೆ ಮಾತ್ರ ಚೂಪು. "ಏ ಮೌನ್ಯಾ, ನಿಂತೀಯೋ, ಹರಿದೀಯೋ?" ಅಂತ ಕೇಳುತ್ತಿದ್ದಾನೆ. "ನಿಂತೀನಿ ಮಾವಾ" ಅಂದೆ. "ನಿಮ್ಮಪ್ಪನ ಮಗ ನೀನು, ಅದಕ್ಕ ಕೇಳ್ದೆ. ಸಿಟ್ಟಾಗಬ್ಯಾಡ" ಅಂದ. ಸಿಟ್ಟೇನೂ ಇಲ್ಲ. ಅವನು ಕೇಳಿದ್ದು ಯಾಕೆ ಅಂತ ನಿಮಗೆ ಹೇಳಬೇಕು.

ನಾನು ಚಿಕ್ಕವನಿದ್ದಾಗ ನಮ್ಮವ್ವನಿಗೂ ಹೀಗೇ ಆಗಿತ್ತು. ಇದೇ ಗಡ್ಡೆ, ಇಂಥದೇ ನೆರೆ, ಕೂಸು ಅಡ್ಡ. ಕೈಸಾಲು ಕಟ್ಟಿದ್ದರು. ಗಡ್ಡೆಗೆ ಹತ್ತಿರದ ಹರಗೋಲಿನಲ್ಲಿ ನಮ್ಮಪ್ಪ ನಿಂತಿದ್ದ. ಆಗ ಗುಡಿಸಲಿನಿಂದ ಯಾರೋ ಹೊರಗೆ ಬಂದು ದಂಡೆಯಲ್ಲಿ ನಿಂತು, ರಕ್ತ ನಿಲ್ಲುತ್ತಿಲ್ಲ ಅಂತ ಕೂಗಿದರು. ಅಪ್ಪ ಲಂಗರು ಕಿತ್ತ. ಯಾವ ಗಂಡ ಕೀಳುವುದಿಲ್ಲ ಹೇಳಿ. ಅಪ್ಪ ಹೊರಟಿದ್ದನ್ನು ಕಂಡ ಹಿಂದಿನವನು, ಪಾಪ ಒಬ್ಬನೇ ಏನು ಮಾಡಿಯಾನು, ಹೊರಲಿಕ್ಕೆ ಕೈ ಬೇಕಾಗುತ್ತದೆ ಅಂತ ತಾನೂ ಹೊರಟ. ಅವನ ಹಿಂದಿನವನೂ ಹೊರಟ. ಹಿಂದೆ ಯಾರಾದರೂ ನಿಂತಿರುತ್ತಾರೆ ಅಂತಲೇ ಪ್ರತಿಯೊಬ್ಬನ ನಂಬಿಕೆ. ನಮ್ಮ ಹೊಳೆಸಾಲಿನ ಜನರೇ ಹಾಗೆ, ಯಾರ ಮನೆಯಲ್ಲಿ ಗೋಳು ಕೇಳಿದರೂ ಉಂಡ ಕೈ ತೊಳೆಯದೆ ಓಡುತ್ತಾರೆ. ನೋಡನೋಡುತ್ತ ಗಡ್ಡೆಯ ದಂಡೆ ತುಂಬ ಹರಗೋಲು, ಹೊಳೆ ತುಂಬ ಬರೀ ನೀರು. ಗುಡ್ಡದ ಮೇಲೆ ಆಗಿನ ಡಾಕ್ಟರ್ ಬೂದು ಬಣ್ಣದ ಪರದೆ ನೋಡುತ್ತ ಕೂತರು. ಎಲ್ಲಿ ಒತ್ತಬೇಕು ಅಂತ ಅವರಿಗೆ ಗೊತ್ತಿತ್ತು. ಹೇಳಲು ದಾರಿ ಇರಲಿಲ್ಲ.

ಅವ್ವ ಉಳಿದಳು. ಕೂಸು ಉಳಿಯಲಿಲ್ಲ. ನನಗೊಬ್ಬಳು ತಂಗಿ ಇರಬೇಕಿತ್ತು. ಬಾಣಂತಿಯ ಮೈ ತೊಳೆದು ಎಬ್ಬಿಸಿ ಕೂರಿಸಿದ ದಿನ, ಗುಡಿಸಲ ಮುಂದೆ ಕಣ್ಣೀರು ಹಾಕುತ್ತ ನಿಂತಿದ್ದ ಅಷ್ಟೂ ಜನರನ್ನು ಅವ್ವ ಒಮ್ಮೆ ನೋಡಿದಳು. ಬೈಯಲಿಲ್ಲ. "ಎಲ್ಲಾರೂ ಬಂದ್ರಿ ನೋಡ್ರಿ," ಅಂದಳು, "ಅದಕ್ಕ ಯಾರೂ ಇರಲಿಲ್ಲ." ಅಷ್ಟೇ. ಅಪ್ಪ ಆಮೇಲೆ ಬದುಕಿದ್ದಷ್ಟು ಕಾಲ ಹೊಳೆಗೆ ಇಳಿಯಲಿಲ್ಲ, ಗುಡ್ಡದ ಮೇಲೆ ಜೋಳ ಕಾಯುತ್ತ ಇದ್ದುಬಿಟ್ಟ. ನಾನು ಅವನನ್ನು ತಪ್ಪಿತಸ್ಥ ಅನ್ನಲಾರೆ. ಪ್ರೀತಿ ಇದ್ದವನ ಕಾಲು ಪ್ರೀತಿ ಇದ್ದ ಕಡೆಗೇ ಎಳೆಯುತ್ತದೆ.

ಅಂದಿನಿಂದ ಎರಡು ಕಟ್ಟಳೆ ಬಂದವು. ಒಂದು, ಸಾಲು ಮುಗಿಯುವ ತನಕ ನಿಂತ ಲಂಗರು ಕೀಳಬಾರದು, ಕೂಗು ಕೇಳಿದರೂ, ಬೆಂಕಿ ಕಂಡರೂ. ಇನ್ನೊಂದು, ಬಸುರಿಯ ಗಂಡನನ್ನಾಗಲಿ ರಕ್ತಸಂಬಂಧಿಯನ್ನಾಗಲಿ ಸಾಲಿನಲ್ಲಿ ನಿಲ್ಲಿಸಬಾರದು. ಆ ಎರಡನೆಯದನ್ನು ಇವತ್ತು ಮುರಿದಿದ್ದೇವೆ. ನಡುಹೊಳೆಯಲ್ಲಿ ನಿಲ್ಲಬೇಕಾದವನ ಹರಗೋಲನ್ನು ಮೊನ್ನೆಯ ಸೆಳವು ಒಯ್ದಿತು. ಗಟ್ಟಿ ಹರಗೋಲು ಉಳಿದಿದ್ದು ನನ್ನದು, ಇಂಥ ನೀರಿನಲ್ಲಿ ಅದನ್ನು ಹಿಡಿದು ನಿಲ್ಲಿಸುವ ತೋಳೂ ನನ್ನದೇ. ಬೆಳಿಗ್ಗೆ ಗಡ್ಡೆಯಲ್ಲಿ ಇದೇ ಚರ್ಚೆ. ಖಾಸಿಂಬಿಗೆ ಸಮ್ಮತಿ ಇರಲಿಲ್ಲ. "ಈ ಅಣ್ಣನ್ನ ನಿಲ್ಲಿಸಿದ್ರ ನನ್ನ ಹೊಸ್ತಿಲಾಗ ಬಂದು ನಿಂದ್ರತಾನ" ಅಂದಳು. ಆಗ ಒಳಗಿನಿಂದ ಹುಲಿಗೆಮ್ಮ, ಆ ನೋವಿನಲ್ಲೂ, "ಯಪ್ಪಾ, ನೀನ ನಿಂದ್ರು. ನೀ ಇಲ್ಲೇ ಇದ್ರ ಮಾತಾಡಿ ಮಾತಾಡಿ ನನ್ನ ಕೂಸು ಹೊರಗ ಬರಾಕ ಹೆದರತೈತಿ" ಅಂದಳು. ಎಲ್ಲ ನಕ್ಕರು. ನಗು ಮುಗಿದ ಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು, "ನಡುಹೊಳಿ ಬಿಟ್ಟು ಕದಲಬ್ಯಾಡ. ಏನಾರ ಕೇಳಿಸ್ಲಿ. ಅಜ್ಜಿಗೆ ಆದಂಗ ನನಗ ಮಾಡಬ್ಯಾಡ." ಹೂಂ ಅಂದು ಬಂದೆ.

ಸಾಲು ಮುಗಿದದ್ದು ತಿಳಿಯುವುದು ಹೀಗೆ: ಎರಡೂ ದೀಪ ಒಟ್ಟಿಗೆ ಆರುತ್ತವೆ. ಆಮೇಲೆ ಸುದ್ದಿ. ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನಿಮ್ಮಲ್ಲಿ ಇತ್ತೆಂದು ಕೇಳಿದ್ದೇನೆ, ಹೇಗೆ ತಡೆದುಕೊಳ್ಳುತ್ತಿದ್ದಿರೋ. ನಮ್ಮಲ್ಲಿ ಅದಕ್ಕೆ ಹರಗೋಲಿನಲ್ಲಿ ಆಳು ಬರುತ್ತಾನೆ, ಹತ್ತಿರ ಬಂದು, ಹೆಗಲ ಮೇಲೆ ಕೈಯಿಟ್ಟು ಹೇಳುತ್ತಾನೆ. ಫೋನು ಕರೆಯುವುದು ಒಳ್ಳೆಯದಕ್ಕೆ ಮಾತ್ರ. ಹಾಗಾಗಿ ನಿಲುಗಾರರು ಸಾಲು ಮುಗಿದ ಮೇಲೆ ಕಿವಿ ಫೋನಿಗೆ, ಕಣ್ಣು ನೀರಿಗೆ ಇಟ್ಟು ಕೂರುತ್ತಾರೆ. ಯಾವುದು ಮೊದಲು ಬರುತ್ತದೋ.

ಹಸಿರು ಹೋಯಿತು.

ಇರಿ. ಹಸಿರು ದೀಪ ಆರಿದೆ. ಕೆಂಪು ಇದೆ, ಅಂದರೆ ಹಾಸು ಹೋಗುತ್ತಿದೆ, ಹೊಕ್ಕು ಇಲ್ಲ. ಡಾಕ್ಟರಿಗೆ ಈಗ ಆಕಾರ ಕಾಣುತ್ತಿರುತ್ತದೆ, ಬಣ್ಣವಿಲ್ಲ. ಗಡ್ಡೆಯ ಕಡೆಯ ಮಳೆ ದಪ್ಪವಾಗಿದೆ, ಗುಡಿಸಲು ಕಾಣುತ್ತಿಲ್ಲ. ಆ ಕಡೆಯಿಂದ ನನ್ನ ತನಕ ಬರುವಾಗಲೇ ಬೀಳುತ್ತಿವೆ ತುಣುಕುಗಳು. ಸ್ವಲ್ಪ ಆ ಕಡೆ ಸರಿದರೆ ಸಿಗುತ್ತವೆ. ಸ್ವಲ್ಪ ಅಂದರೆ ಸ್ವಲ್ಪವೇ, ಲಂಗರಿನ ಹಗ್ಗ ಅರ್ಧ ಎತ್ತಿದರೂ ಸಾಕು… ಮಾವ ಹಿಂದೆ ಇದ್ದಾನೆ. ಹಿಂದೆ ಯಾರಾದರೂ ಇದ್ದಾರೆ… ನೋಡಿದಿರಾ, ನಮ್ಮಪ್ಪನ ಹಾಗೆಯೇ ಬಂತು ಯೋಚನೆ. ನಾನು ಆ ಕಡೆ ಸರಿದಷ್ಟೂ ಮಾವನಿಂದ ದೂರವಾಗುತ್ತೇನೆ, ಇರುವ ಹಾಸೂ ಕಡಿದುಹೋಗುತ್ತದೆ. ಕೈ ಹಗ್ಗದ ಮೇಲಿದೆ. ಕೈಗೆ ಇದೆಲ್ಲ ತಿಳಿಯುವುದಿಲ್ಲ.

ಗಡ್ಡೆಯ ಕಡೆಯಿಂದ ಏನೋ ಕೇಳಿಸಿತು. ಹಕ್ಕಿ ಇರಬಹುದು. ಹಕ್ಕಿ ಅಂದುಕೊಳ್ಳುತ್ತೇನೆ.

ಮಾವ, ಮತ್ತೆ. "ಹಗ್ಗ ಬಿಡಲೇ. ಕಾಣಾಕತ್ತೈತಿ ನನಗ." ಇಷ್ಟು ದೂರದಿಂದ, ಆ ಹೂವು ಬಿದ್ದ ಕಣ್ಣಿಗೆ ಅವನಿಗೆ ಏನು ಕಾಣುತ್ತದೆ, ಸುಳ್ಳು ಮುದುಕ. ಆದರೂ ಬಿಟ್ಟೆ. "ಮ್ಯಾಲಿನ ದಡದಾಗ ಅಮರಮ್ಮನ ಫೋನಿಗೆ ತುಣುಕು ಬೀಳಾಕತ್ತಾವಂತ. ಆಕಿ ಸೊಲ್ಲು ಎತ್ತತಾಳ. ನೀ ಕಂಬ ಆಗು, ಸಾಕು." ಅಮರಮ್ಮ ಅಂದರೆ ಮೇಲ್ದಂಡೆಯಲ್ಲಿ ಬಲೆ ಹೆಣೆಯುವವಳು. ನಮ್ಮ ಮನೆಗೂ ಅವಳ ಮನೆಗೂ ಮಾತು ಬಿಟ್ಟು ವರ್ಷಗಳಾದವು, ಒಂದು ಮೀನುಬಲೆಯ ಜಾಗದ ಜಗಳ. ಅವಳ ಪರಪಾಲಿಗೆ ಆ ಜಗಳ ಗೊತ್ತಿಲ್ಲ. ಅಥವಾ ಅವಳಿಗೆ ಗೊತ್ತಿದ್ದೇ ಫೋನು ಎತ್ತಿ ಹಿಡಿದು ಮಳೆಯಲ್ಲಿ ನಿಂತಿದ್ದಾಳೆ.

ಕಂಬ. ಸರಿ. ಕಂಬ ಆಗುತ್ತೇನೆ. ಕಂಬಕ್ಕೆ ಬಾಯಿ ಇದೆ ಅಷ್ಟೇ.

ಬಂತು! ಹಸಿರು ಬಂತು. ತಡವರಿಸಿಕೊಂಡು ಬರುತ್ತಿದೆ, ಆದರೂ ಬರುತ್ತಿದೆ. ಅಮರವ್ವಾ, ನಿನ್ನ ಬಲೆ ಎಲ್ಲಿ ಬೇಕೋ ಅಲ್ಲಿ ಹಾಕಿಕೋ ತಾಯಿ.

ನಿಮಗೆ ಹೇಳಬೇಕೆಂದಿದ್ದನ್ನು ಈಗಲೇ ಹೇಳಿಬಿಡುತ್ತೇನೆ. ಇದು ನಿಮ್ಮನ್ನು ಹೇಗೆ ಮುಟ್ಟುತ್ತದೋ ಗೊತ್ತಿಲ್ಲ. ಕೈಸಾಲಿನಲ್ಲಿ ವಿಳಾಸವಿಲ್ಲದ ತುಣುಕು ಬಿಟ್ಟರೆ, ಯಾರಾದರೂ ನನ್ನದು ಅನ್ನುವವರೆಗೂ ಅದು ಕೈಯಿಂದ ಕೈಗೆ ಸುತ್ತುತ್ತಲೇ ಇರುತ್ತದೆ. ಇದನ್ನೂ ಹಾಗೇ ಬಿಡುತ್ತೇನೆ, ಹಿಂದಕ್ಕೆ ಮುಖ ಮಾಡಿ. ನೀವು ನನ್ನದು ಅಂದರೆ ನಿಮ್ಮದು. ನೀವು ಜನಕ್ಕೆ ಕಷ್ಟ ಬಂದಾಗ ಓಡಿಹೋಗುವವರೇ ಇರುತ್ತೀರಿ, ನಮ್ಮ ರಕ್ತ ನಿಮ್ಮಿಂದಲೇ ಬಂದದ್ದಲ್ಲವೇ. ಓಡಿ, ಬೇಡ ಅನ್ನುವುದಿಲ್ಲ. ಆದರೆ ಓಡುವ ಮುಂಚೆ, ನೀವು ನಿಂತಿರುವ ಜಾಗದಿಂದ ಏನು ಹಾದುಹೋಗುತ್ತಿದೆ ಅಂತ ಒಮ್ಮೆ ನೋಡಿಕೊಳ್ಳಿ. ಕಾಣಲಿಕ್ಕಿಲ್ಲ, ಬೀಗ ಹಾಕಿರುತ್ತದೆ. ಕಾಣದಿದ್ದರೂ ನಿಲ್ಲಿ. ಮತ್ತೆ, ನಿಮ್ಮ ಕೈಯಲ್ಲಿರುವುದರಲ್ಲಿ ಒಂದಿಷ್ಟು ಪಕ್ಕದವನಿಗೆಂದು ಬಿಡಿ. ಅವನ ಹೆಸರು ಗೊತ್ತಿಲ್ಲದಿದ್ದರೂ ಬಿಡಿ, ಅವನ ಜೊತೆ ಮಾತು ಬಿಟ್ಟಿದ್ದರಂತೂ…

ಆರಿದವು.

ಎರಡೂ. ಒಟ್ಟಿಗೆ ಆರಿದವು.

ಸಾಲು ಮುಗಿಯಿತು. ಮಳೆ ತೆಳುವಾಗುತ್ತಿದೆ, ಗಡ್ಡೆ ಕಾಣುತ್ತಿದೆ, ಗುಡಿಸಲಿನ ಹೊಗೆ ಕಾಣುತ್ತಿದೆ. ದಂಡೆಯಲ್ಲಿ ಯಾರೂ ಇಲ್ಲ. ಈಗ ಲಂಗರು ಕಿತ್ತರೂ ನಡೆಯುತ್ತದೆ, ಕಟ್ಟಳೆ ಮುಗಿಯಿತು. ಕೀಳಲು ಕೈ ಬರುತ್ತಿಲ್ಲ. ಇಷ್ಟು ಹೊತ್ತು ಹೋಗಬೇಕು ಅನ್ನುತ್ತಿದ್ದ ಕೈ.

ಒಂದು ಹರಗೋಲು ಹೊರಟಿತು.

ಗಡ್ಡೆಯಿಂದ. ಒಬ್ಬನೇ ಇದ್ದಾನೆ, ಮಳೆಗೆ ತಲೆ ಮೇಲೆ ಗೋಣಿಯ ಗೊಪ್ಪೆ ಹೊದ್ದಿದ್ದಾನೆ, ಯಾರು ತಿಳಿಯುತ್ತಿಲ್ಲ. ಈ ಕಡೆಗೇ ಬರುತ್ತಿದ್ದಾನೆ. ನೆಟ್ಟಗೆ ಬರುತ್ತಿದ್ದಾನೆ. ಹುಟ್ಟನ್ನು ನಿಧಾನ ಹಾಕುತ್ತಿದ್ದಾನೆ, ಅವಸರವಿಲ್ಲದವನ ಹಾಗೆ. ಯಾರಾದರೂ ಸರಿ, ಹತ್ತಿರ ಬರಬೇಡ ತಮ್ಮಾ. ಅಲ್ಲೇ ಇರು. ನೀನು ಹೇಳಿದ ಹಾಗೇ ನಿಂತೆ, ಹುಲಿಗಿ. ನಡುಹೊಳೆ ಬಿಟ್ಟು ಕದಲಲಿಲ್ಲ. ನಿಮ್ಮಜ್ಜಿಯನ್ನು ಕೇಳು ಬೇಕಾದರೆ, ಅವಳು ಎಲ್ಲಿದ್ದರೂ ನೋಡಿರುತ್ತಾಳೆ, ಈ ಸಲ ಇದ್ದೆವು, ಎಲ್ಲರೂ ನಮ್ಮ ನಮ್ಮ ಜಾಗದಲ್ಲಿ ಇದ್ದೆವು…

ತಿರುಗಿತು. ಹರಗೋಲು ತಿರುಗಿತು. ಬಲೆಯ ಗೂಟಗಳ ಕಡೆ ಹೋಗುತ್ತಿದೆ. ಮೀನಿಗೆ ಹೊರಟವನು! ಅಯ್ಯೋ ನಿನ್ನ ಮನೆ ಚೆನ್ನಾಗಿರಲಿ, ಈ ಹೊತ್ತಿನಲ್ಲೇ ಮೀನು ನೆನಪಾಯಿತೇ ನಿನಗೆ…

ಫೋನು.

ಫೋನು ಕರೆಯುತ್ತಿದೆ. ಹಲಗೆಯ ಮೇಲಿನದು. ಖಾಸಿಂಬಿಯ ಹೆಸರು ಬರುತ್ತಿದೆ, ಓದಲು ಆಗುತ್ತಿಲ್ಲ, ಕಣ್ಣಿಗೆ ಮಳೆ… ಮಳೆ ನಿಂತಿದೆ, ಇರಲಿ. ಕರೆಯುತ್ತಿದ್ದಾಳೆ. ಇದನ್ನು ಇಡುತ್ತೇನೆ, ಇಡುತ್ತೇನೆ.